ಬೀರುವಿನ ಹಿಂದೆ ಸಿಕ್ಕ ಅರ್ಧ ಕಾಯಿಲ್

ಮನೆಯಿಂದ, ಮಾರ್ಚ್ ೯
ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗೋದಾಮಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಚಹಾ ಕುಡಿದು ಮಲಗಿಬಿಡುತ್ತೀಯೋ? ಸುಳ್ಳು ಬರೆಯಬೇಡ, ನಿನ್ನ ಅಕ್ಷರ ನೋಡಿದರೇ ನನಗೆ ಗೊತ್ತಾಗುತ್ತದೆ. ಇಲ್ಲಿ ಅಮ್ಮ ಪರವಾಗಿಲ್ಲ. ಬಲಗೈಯ ಸುಟ್ಟ ಚರ್ಮ ಚಳಿಗೆ ಬಿಗಿಯುತ್ತದೆ, ಆದರೂ ಜಡೆ ತಾನೇ ಹೆಣೆದುಕೊಳ್ಳಬೇಕು. ನಾನು ಬಾಚಣಿಗೆ ಮುಟ್ಟಿದರೆ ಸಾಕು, "ಬಿಡೇ, ನನ್ನ ಕೂದಲೇನು ಮೋಟಾರಿನ ತಂತಿಯಾ?" ಎಂದು ಗದರುತ್ತಾಳೆ. ಅಪ್ಪನಿಗೆ ಕಣ್ಣು ಮಂಜಾಗಿದೆ. ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ನನ್ನನ್ನೇ ಕೇಳುತ್ತಾರೆ, ಹೇಳಿದರೆ ನಂಬುವುದೂ ಇಲ್ಲ. ರಿಪೇರಿ ಅಂಗಡಿ ನಡೆಯುತ್ತಿದೆ. ನಿನ್ನ ಸ್ಟೂಲಿನ ಮೇಲೆ ಯಾರೂ ಕೂರುವುದಿಲ್ಲ.

ಈಗ ಸಮಾಚಾರಕ್ಕೆ ಬರುತ್ತೇನೆ. ಬೆಂಕಿ ಬಿದ್ದ ಹಿಂದಿನ ಕೋಣೆಗೆ ನಾಲ್ಕು ವರ್ಷದ ಮೇಲೆ, ಮೊನ್ನೆ, ಸುಣ್ಣ ಹೊಡೆಸಿದೆವು. ಬೀರು ಸರಿಸಿದಾಗ ಅದರ ಹಿಂದೆ ನೀನು ಸುತ್ತಿದ್ದ ಹೀಟರಿನ ಕಾಯಿಲ್ ಸಿಕ್ಕಿತು, ಅಂದರೆ ಅದರ ಅರ್ಧ. ಅವತ್ತು ಪಕ್ಕದ ಮನೆಯ ಬಡಗಿ ಕೋಲಿನಿಂದ ಹೀಟರನ್ನು ಎಳೆದು ಹಾಕಿದನಲ್ಲ, ಆಗ ತುಂಡಾಗಿ ಅಲ್ಲಿಗೆ ಹಾರಿರಬೇಕು. ತುದಿಯಲ್ಲಿ ನೀನು ಕಟ್ಟಿದ ತಗಡಿನ ಚೀಟಿ ಇನ್ನೂ ಇತ್ತು. ಕಾಯಿಲ್ ಸುತ್ತಿದವರೇ ಅದನ್ನು ಅಳೆದು, ಎಷ್ಟು ವೋಲ್ಟಿಗೆ ಎಷ್ಟು ಕರೆಂಟು ಎಳೆಯಿತು ಎಂದು ಮೊಳೆಯಿಂದ ತಗಡಿಗೆ ಕುಟ್ಟಬೇಕು ಎಂಬ ನಮ್ಮ ಅಂಗಡಿಯ ಕಟ್ಟಳೆ ನಿನಗೆ ಮರೆತಿಲ್ಲ ತಾನೇ? ಮಸಿ ಉಜ್ಜಿದೆ. ೨೩೦ ವೋಲ್ಟ್, ೪.೪ ಆಂಪಿಯರ್. ನಿನ್ನ ಸೊಟ್ಟ ನಾಲ್ಕು ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ ಅಣ್ಣಾ.

ಅವತ್ತು ಅಪ್ಪ ಹೀಟರಿನ ಪಿಂಗಾಣಿ ಬಿಲ್ಲೆಯಲ್ಲಿ ಉಳಿದಿದ್ದ ತುಂಡನ್ನಷ್ಟೇ ಅಳೆದಿದ್ದರು. ಹನ್ನೆರಡು ವೋಲ್ಟಿನ ಬ್ಯಾಟರಿ ಕೊಟ್ಟರೆ ಮುಳ್ಳು ೦.೪೬ಕ್ಕೆ ಬಂತು. ಹನ್ನೆರಡನ್ನು ಅದರಿಂದ ಭಾಗಿಸಿದರೆ ಇಪ್ಪತ್ತಾರು ಓಮ್. ಇಪ್ಪತ್ತಾರು ಓಮಿನ ಕಾಯಿಲ್ ಮನೆಯ ಕರೆಂಟಿಗೆ ೮.೮ ಆಂಪಿಯರ್ ಎಳೆಯುತ್ತದೆ, ಎರಡು ಸಾವಿರ ವ್ಯಾಟ್ ದಾಟುತ್ತದೆ. ಐದು ಆಂಪಿಯರಿನ ಹಳೇ ವೈರು ಸುಡದೆ ಇನ್ನೇನು ಮಾಡೀತು? "ಬೇಗ ಕಾಯಲಿ ಅಂತ ಕಾಯಿಲ್ ಅರ್ಧಕ್ಕೆ ಕತ್ತರಿಸಿದ್ದೀಯ. ಹೆತ್ತವಳ ಕೈ ಸುಟ್ಟವನು ಇನ್ನು ನನ್ನ ಬೆಂಚು ಮುಟ್ಟಬೇಡ" ಎಂದರು. ನೀನು "ನಾನು ಕತ್ತರಿಸಿಲ್ಲಪ್ಪ" ಎಂದೆ, ಒಂದೇ ಸಲ. ಅಪ್ಪ ಮೀಟರ್ ತೋರಿಸಿ "ಇದು ಸುಳ್ಳು ಹೇಳಲ್ಲ" ಎಂದರು. ನೀನು ಅವತ್ತೇ ಮನೆ ಬಿಟ್ಟೆ.

ಆ ತುಂಡನ್ನು ಅಪ್ಪ ಎಸೆದಿರಲಿಲ್ಲ, ಬೆಂಚಿನ ಕೆಳಗಿನ ಡಬ್ಬಿಯಲ್ಲಿಟ್ಟಿದ್ದರು. ನಿನ್ನೆ ಎರಡೂ ತುಂಡುಗಳ ತುದಿ ಉಜ್ಜಿ ಹೊಸೆದು ಒಂದು ಮಾಡಿ, ಅಪ್ಪನ ಎದುರೇ ಅದೇ ಬ್ಯಾಟರಿಗೆ ಕೊಟ್ಟೆ. ಮುಳ್ಳು ೦.೨೩ಕ್ಕೆ ನಿಂತಿತು. ನೀನು ಕಲಿಸಿದ್ದನ್ನೇ ಬಾಯಲ್ಲಿ ಹೇಳಿಕೊಂಡೆ, "ಭಾಗಿಸಿದ್ರೆ ತಡೆ, ಗುಣಿಸಿದ್ರೆ ತಾಕತ್ತು." ಹನ್ನೆರಡು ಭಾಗಿಸು ೦.೨೩, ಐವತ್ತೆರಡು ಓಮ್. ಇನ್ನೂರ ಮೂವತ್ತು ಗುಣಿಸು ೪.೪, ಸಾವಿರದ ಹನ್ನೆರಡು ವ್ಯಾಟ್. ತಗಡು ಹೇಳಿದ್ದೂ ಅದನ್ನೇ. ನಿನ್ನ ಕಾಯಿಲಿನಲ್ಲಿ ಒಂದು ಸುತ್ತೂ ಕಡಿಮೆ ಇರಲಿಲ್ಲ.

ಅಪ್ಪ ಮುಳ್ಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಸೀಮೆಸುಣ್ಣ ತೆಗೆದುಕೊಂಡು ಬೆಂಚಿನ ಮೇಲೆ ಮೂರು ಸಲ ಲೆಕ್ಕ ಹಾಕಿದರು, ಮೂರು ಸಲವೂ ಅಂಗೈಯಿಂದ ಒರೆಸಿದರು. "ಅರ್ಧ ಅಳೆದು ಮಗನನ್ನ ಕಳಿಸಿಬಿಟ್ಟೆನಲ್ಲೇ" ಎಂದು ನಿನ್ನ ಸ್ಟೂಲಿನ ಮೇಲೆ ಕುಸಿದು ಕೂತರು. ಅವರು ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಸರಿ, ಹಾಗಾದ್ರೆ ವೈರು ಯಾಕೆ ಸುಟ್ಟಿತು?" ನಾನು ನೀರು ತರುತ್ತೇನೆ ಎಂದು ಎದ್ದು ಒಳಗೆ ಹೋದೆ.

ನೀನು ಬಾ ಅಣ್ಣಾ. ಬೈಯುವುದಿದ್ದರೆ ಬಂದು ಬೈಯಿ. ಅಮ್ಮ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ನಾಲ್ಕು ವರ್ಷದ ಬೈಗುಳವನ್ನೂ, ಎರಡನ್ನೂ ಇಟ್ಟುಕೋ. ತಗಡಿನ ಚೀಟಿ ಈ ಲಕೋಟೆಯಲ್ಲಿದೆ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಅಪ್ಪನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಅವತ್ತು ಬೆಳಿಗ್ಗೆ ನನಗೆ ಕೆಲಸದ ಸಂದರ್ಶನವಿತ್ತು. ಅಮ್ಮ ಹೀಟರ್ ಹಾಕಿಕೊಂಡು ಮಲಗಿದ್ದಳು, ನಾನು ಅದೇ ಲೈನಿಗೆ ಇಸ್ತ್ರಿಪೆಟ್ಟಿಗೆ ಹಾಕಿದೆ. ಅದೂ ಸಾವಿರ ವ್ಯಾಟಿನದು. ಫ್ಯೂಸ್ ಎರಡು ಸಲ ಹೋಯಿತು, ಮೂರನೇ ಸಲ ದಪ್ಪ ತಂತಿ ಸುತ್ತಿ ಹಾಕಿದೆ. ೪.೪ಕ್ಕೆ ೪.೪ ಕೂಡಿಸು, ೮.೮. ವೈರಿನಲ್ಲಿ ಹರಿದದ್ದು ಅಪ್ಪ ಹೇಳಿದಷ್ಟೇ ಅಣ್ಣಾ, ಆದರೆ ಅರ್ಧ ನನ್ನದು. ಅಪ್ಪ ಬರುವ ಮೊದಲೇ ಇಸ್ತ್ರಿಪೆಟ್ಟಿಗೆ ಬಚ್ಚಿಟ್ಟು, ದಪ್ಪ ತಂತಿ ಕಿತ್ತು, ಮೊದಲು ಸುಟ್ಟಿದ್ದ ತೆಳು ತಂತಿಯನ್ನೇ ಫ್ಯೂಸಿಗೆ ಹಾಕಿದ್ದೆ. ನೀನು ಚೀಲ ಹೆಗಲಿಗೇರಿಸುವಾಗ ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈಗ ಅಪ್ಪ ಹಜಾರದಲ್ಲಿ ಕೂತಿದ್ದಾರೆ. ಮೊದಲ ಸಾಲಿನಿಂದ ಇಲ್ಲಿಯವರೆಗೆ ಇದನ್ನು ಅವರಿಗೆ ಓದಿ ಹೇಳಿದ ಮೇಲೇ ಅಂಚೆಗೆ ಹಾಕುತ್ತೇನೆ. ಇದು ನಿನ್ನ ಕೈ ಸೇರಿದ್ದರೆ, ಓದಿದ್ದೇನೆ ಎಂದು ತಿಳಿ.