ಉತ್ತರ ಬಾರದವರು ಎಡಗೈ

ಸೇಡಂ
೨೨ ಮಾರ್ಚ್ ೨೦೨೫, ಶನಿವಾರ

ಪ್ರೀತಿಯ ತಾಜುನ್ನಿಸಾ,

ನನ್ನ ವಿದ್ಯಾರ್ಥಿನಿ ಲುಂಬಿನಿ ತನ್ನ ಪರೀಕ್ಷಾ ಪಾಠದ ಅಂಕಗಳನ್ನು ರದ್ದು ಮಾಡಬೇಕೆಂದು ಕಾಲೇಜಿಗೆ ಅರ್ಜಿ ಕೊಟ್ಟಿದ್ದಾಳೆ. ಐವತ್ತಕ್ಕೆ ನಲವತ್ತಾರು ಬಂದಿತ್ತು. ಇದನ್ನು ನನಗೆ ಮೊದಲು ಹೇಳಿದವನು ಗುಮಾಸ್ತ ಅಂಬರಾಯ. "ನೀತಿಶಾಸ್ತ್ರ ಎಲ್ಲಾರೂ ಪರೀಕ್ಷಾಕ್ಕ ಓದ್ತಾರ್ರಿ ಮೇಡಂ. ಈ ಹುಡುಗಿ ಖರೇನ ತಿಳ್ಕೊಂಡಾಳ ನೋಡ್ರಿ," ಎಂದು ನಕ್ಕ.

ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಇದನ್ನೇ ಮೊದಲು ಹೇಳುತ್ತಿದ್ದೇನೆ, ಕ್ಷಮಿಸು. ಚಿಂಚೋಳಿಯಲ್ಲಿ ಬಿಸಿಲು ಹೇಗಿದೆ? ರಂಜಾನಿನ ರೋಜಾ ಹಿಡಿದು ದಿನವಿಡೀ ಪಾಠ ಮಾಡುತ್ತೀ, ಆರೋಗ್ಯ ನೋಡಿಕೋ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಬೇರೆ ಮಾತು ತೆಗೆಯುತ್ತೇನೆಂದು ನನಗೇ ಗೊತ್ತು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದೇನೆ.

ಲುಂಬಿನಿ ತೆಂಗಳಿಯವಳು, ಬಿ.ಇಡಿ. ಕೊನೆಯ ವರ್ಷ. ಶಾಲೆಯೊಂದರ ಏಳನೇ ತರಗತಿಯಲ್ಲಿ, ಹೊರಗಿನ ಪರೀಕ್ಷಕರ ಮುಂದೆ, ಅಯಸ್ಕಾಂತದ ಪಾಠ ಮಾಡಿದಳು. ಹಿಂದಿನ ದಿನವೇ ಮಕ್ಕಳಿಗೆ ಹೇಳಿಟ್ಟಿದ್ದಳು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು, ಉತ್ತರ ಬಂದವರು ಬಲಗೈ, ಬಾರದವರು ಎಡಗೈ; ಎಬ್ಬಿಸುವುದು ಬಲಗೈಯವರನ್ನಷ್ಟೇ. ವಾಡಿಯಲ್ಲಿ ತರಬೇತಿಯ ಕಾಲಕ್ಕೆ ನೀನೂ ನಾನೂ ಮಾಡಿದ್ದು ಇದನ್ನೇ.

ಮಹೆವಿಶ ಎಂಬ ಹುಡುಗಿ ಹಿಂದಿನ ದಿನ ಶಾಲೆಗೆ ಬಂದಿರಲಿಲ್ಲ. ಅವಳು ಬರೆಯುವುದೂ ಉಣ್ಣುವುದೂ ಎಡಗೈಯಲ್ಲಿ. ಒಂಬತ್ತು ಪ್ರಶ್ನೆಗೂ ಎಡಗೈ ಎತ್ತಿದಳು. ಲುಂಬಿನಿ ಒಮ್ಮೆಯೂ ಎಬ್ಬಿಸಲಿಲ್ಲ. ಪರೀಕ್ಷಕರು ಹೋದ ಮೇಲೆ ಹುಡುಗಿ ಬಂದು, "ಟೀಚರ್, ನಂಗ ಎಲ್ಲಾ ಬರ್ತಿತ್ರಿ. ನನ್ನ ಯಾಕ ಎಬ್ಬಸಲಿಲ್ಲ? ನಾ ಏನ್ ತಪ್ಪ ಮಾಡೀನ್ರಿ?" ಎಂದು ಅತ್ತಳಂತೆ.

ಮರುದಿನ ಲುಂಬಿನಿ ನನ್ನ ಬಳಿ ಬಂದಳು. ಸದ್ಗುಣ ಹುಡುಕಿದ ಗ್ರೀಕರು, ಉದ್ದೇಶ ನೋಡಿದ ಬುದ್ಧ, ಕರ್ತವ್ಯವೇ ದೊಡ್ಡದೆಂದವರು, ಬಹುಜನರ ಸುಖ ಎಣಿಸಿದವರು: ಹತ್ತೊಂಬತ್ತು ವರ್ಷಗಳಿಂದ ನಾನು ನೀತಿಶಾಸ್ತ್ರವನ್ನು ಇದೇ ಕ್ರಮದಲ್ಲಿ ಪಾಠ ಮಾಡುತ್ತೇನೆ.

"ನಾಲ್ಕೂ ಹಚ್ಚಿ ನೋಡಿನ್ರಿ ಮೇಡಂ," ಎಂದಳು. "ಭಾಳ ಮಂದಿಗಿ ಚಲೋ ಆದ್ರ ಅದೇ ನೀತಿ ಅಂತಾರಲ್ಲ, ಅವರೊಬ್ಬರು ನನ್ ಕಡಿ ಇದ್ರು. ಆ ಕೂಸಿನ ಮಾರಿ ನೋಡಿದ ಮ್ಯಾಲ ಅವರೂ ಬಿಟ್ ಹೋದ್ರಿ."

"ಹುಚ್ಚಿ, ನೌಕರಿ ಹಿಡದು ನೂರು ಕೂಸುಗಳಿಗಿ ಚಲೋತಂಗ ಕಲಸು. ಈಗ ಸುಮ್ ಕುಂದ್ರು," ಎಂದೆ.

"ಆಕಿಗಿ ಏನ್ ಹೇಳಲ್ರಿ?"

ನಾನು ಗಡಿಯಾರ ನೋಡಿ, ಮುಂದಿನ ತರಗತಿ ಇದೆ ಎಂದೆ. ಇರಲಿಲ್ಲ.

ಅವಳ ಅರ್ಜಿಯಲ್ಲಿ ನನ್ನ ಹೆಸರಿದೆ: "ಜಯಮಾಲಾ ಮೇಡಂ ಹೇಳಿಕೊಟ್ಟಂತೆ ಮಾಡಿದೆ. ಆದರೂ ತಪ್ಪು ನನ್ನದು." ಪ್ರಿನ್ಸಿಪಾಲ್ ನಾಗೇಂದ್ರಪ್ಪನವರು ರೇಗಿದರು: "ಯಾ ಕಾಲೇಜಿನಾಗ ನಡ್ಯಂಗಿಲ್ಲ ಇದು? ಈಕಿ ಒಬ್ಬಾಕೀನ ಧರ್ಮ ಉಳಸಾಕ ಹುಟ್ಯಾಳೇನು?" ಅವರು ಮೇ ಕೊನೆಗೆ ನಿವೃತ್ತರಾಗುತ್ತಾರೆ. ಸೇವಾ ಹಿರಿತನದಲ್ಲಿ ಮುಂದಿನ ಹೆಸರು ನನ್ನದು. ನಾನೇ ಹೇಳಿಕೊಟ್ಟೆ ಎಂದರೆ ಆ ಕುರ್ಚಿ ಹೋಗುತ್ತದೆ. ಇಲ್ಲ ಎಂದರೆ ಸುಳ್ಳು ಆರೋಪ ಮಾಡಿದಳೆಂದು ಲುಂಬಿನಿಯನ್ನು ಈ ವರ್ಷದ ಪರೀಕ್ಷೆಯಿಂದ ಹೊರಗಿಡುತ್ತಾರೆ. ವಿಚಾರಣಾ ಸಮಿತಿ ನನ್ನ ಲಿಖಿತ ಹೇಳಿಕೆ ಕೇಳಿದೆ.

ಅವಳು ಬರೆದದ್ದು ನಿಜ. ಫೆಬ್ರುವರಿಯಲ್ಲಿ, ತರಗತಿಯಲ್ಲೇ, ನಾನೇ ಹೇಳಿಕೊಟ್ಟೆ. ಎಲ್ಲರೂ ನಕ್ಕಿದ್ದರು. ಈಗ ಉಳಿದವರು ನೆನಪಿಲ್ಲ ಎನ್ನುತ್ತಿದ್ದಾರೆ. ಅವರ ಅಂಕಗಳೂ ಹಾಗೇ ಬಂದವು.

ಮಗಳ ಎಸ್ಸೆಸ್ಸೆಲ್ಸಿ ನಿನ್ನೆ ಶುರುವಾಯಿತಲ್ಲ, ಅವಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಉಪವಾಸಗಳು ಸುಖವಾಗಿ ಮುಗಿಯಲಿ.

ನಿನ್ನ
ಜಯಮಾಲಾ

ತಾ.ಕ.: ಹೇಳಿಕೆ ಕೇಳಿದ್ದಾರೆ ಎಂದಷ್ಟೇ ಬರೆದೆ. ಕೊಟ್ಟಾಗಿದೆ. ಗುರುವಾರ ನಾಗೇಂದ್ರಪ್ಪನವರು, "ಒಂದ್ ಸಾಲು ಬರದ್ ಕೊಡ್ರಿ ಮೇಡಂ, ಮುಗದ್ ಹೋಗ್ತದ," ಎಂದರು. 'ಇಂಥ ಸೂಚನೆಯನ್ನು ನಾನು ಯಾರಿಗೂ ಕೊಟ್ಟಿಲ್ಲ' ಎಂದು ಬರೆದು ಸಹಿ ಮಾಡಿದೆ. ಲುಂಬಿನಿಗೆ ಇನ್ನೂ ಗೊತ್ತಿಲ್ಲ. ನಿನ್ನೆ ಮೆಟ್ಟಿಲ ಹತ್ತಿರ ಸಿಕ್ಕು, "ನೀವು ಇದ್ದೀರಲ್ರಿ ಮೇಡಂ, ನಂಗೇನ್ ಅಂಜಿಕಿ ಇಲ್ಲ," ಎಂದಳು. ವಿಚಾರಣೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ಅವಳನ್ನು.