ಮೊಂಡುಬಾಲದ ಇಲಿಯ ವಿಚಾರ

ಚಾಮರಾಜಪುರಂ, ಮೈಸೂರು
10-8-1956

ನಮ್ಮ ವಾಚನಾಲಯದ ಅಧ್ಯಕ್ಷರೂ ನನ್ನ ನೆರೆಮನೆಯವರೂ ಆದ ಶಿವನಂಜಪ್ಪನವರಿಗೆ ನಮಸ್ಕಾರಗಳು.

ಮೊನ್ನೆ ಮಂಗಳವಾರ ಬೆಳಿಗ್ಗೆ ತಾವು ತಮ್ಮ ಬೋನಿಗೆ ಬಿದ್ದ ಮೊಂಡುಬಾಲದ ಇಲಿಯನ್ನು ತಂದು ನಮ್ಮ ಹಿತ್ತಲಿಗೆ ಬಿಟ್ಟಿರಿ. ಬಚ್ಚಲ ಕಿಟಕಿಯಿಂದ ನಾನು ಕಣ್ಣಾರೆ ಕಂಡೆ.

ಅದಕ್ಕೆ ಮೊದಲು, ವಾಚನಾಲಯದ ಭಾನುವಾರದ ಚರ್ಚೆಯಲ್ಲಿ, ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ನಾನು ವೈದ್ಯರ ಪುಸ್ತಕ ತೆರೆದು ತೋರಿಸಿದ್ದೆ. ತಾವು, "ಗಣಪತಿ ವಾಹನ ಕಣ್ರೀ ಅದು. ಕೊಂದ ಪಾಪಾನ ನಿಮ್ ಪುಸ್ತಕ ತೊಳೆಯುತ್ತಾ?" ಎಂದು ಚಪ್ಪಾಳೆ ಗಿಟ್ಟಿಸಿದಿರಿ. ನಾವು ಹುಡುಗರಾಗಿದ್ದಾಗ ಪ್ಲೇಗು ಬಂದು ಇಡೀ ಬೀದಿಯೇ ಊರಾಚೆಯ ಗುಡಿಸಲು ಸೇರಿದ್ದು ತಮಗೆ ಮರೆತಿರಬಹುದು. ನನಗೆ ಮರೆತಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದದ್ದನ್ನು ಕಂಡು ಎಲ್ಲರಿಗಿಂತ ಮೊದಲು ಗಂಟು ಕಟ್ಟಿದವರು ತಮ್ಮ ತಂದೆಯವರೇ. ಅಂದು ಯಾರೂ ಅದನ್ನು ವಾಹನ ಎನ್ನಲಿಲ್ಲ.

ತಾವು ಬಿಟ್ಟ ಅದೇ ಮೊಂಡುಬಾಲದ ಇಲಿ ಈಗ ನನ್ನ ಬೋನಿನಲ್ಲಿದೆ. ಅದನ್ನು ಮುಳುಗಿಸಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ನೀರನ್ನೂ ತುಂಬಿಸಿಟ್ಟಿದ್ದೇನೆ. ಆದರೆ ಈ ವಾರ ಬಿಡುವಾಗಿಲ್ಲ. ನನ್ನ ಹೆಂಡತಿ ದೇವಿರಮ್ಮ, "ಕೊಲ್ಲೋದಾದ್ರೆ ಕೊಂದ್ಬುಡಿ, ಅಲ್ಲೀಗಂಟ ಉಪವಾಸ ಕೆಡವ್ಬೇಡಿ" ಎಂದು ಕೊಬ್ಬರಿ ಹಾಕುತ್ತಿದ್ದಳು. ನಿನ್ನೆಯಿಂದ ದೋಸೆಯನ್ನೂ ಹಾಕುತ್ತಿದ್ದಾಳೆ.

ನಾಳಿದ್ದು ಭಾನುವಾರ ಬೋನಿನೊಡನೆ ಸಭೆಗೆ ಬರುತ್ತೇನೆ. ಇಲಿ ಕೊಲ್ಲುವುದು ಪಾಪವಾದರೆ, ಪ್ಲೇಗನ್ನು ಪಕ್ಕದ ಮನೆಗೆ ದಾಟಿಸುವುದು ಯಾವ ಪುಣ್ಯ? ಎಲ್ಲರೆದುರು ಉತ್ತರ ಕೊಡಿ. ಉತ್ತರವಿಲ್ಲದಿದ್ದರೆ ಇಲಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ. ಅದಕ್ಕೆ ದೋಸೆ ಗಟ್ಟಿಯಾಗಿದ್ದರೆ ಸೇರುವುದಿಲ್ಲ.

ಉತ್ತರಕ್ಕೆ ಕಾದಿರುವ,
ಬೋರಲಿಂಗಯ್ಯ