ರೇಡಿಯೋ–ಮೌನಿ ಜೋಡಿ

ಮಾರ್ಚ್ 3, ಮಧ್ಯಾಹ್ನ

ಮಿಷನ್ ಇವತ್ತೂ ಪೇಪರ್ ನುಂಗಿತು. ಬೆರಳೆಲ್ಲ ಕಪ್ಪು. ಅಣ್ಣ ಬ್ಯಾಂಕಿಗೆ ಹೋಗಿದ್ದ, ಜೆರಾಕ್ಸ್ ಅಂಗಡಿ ನನ್ನ ತಲೆಗೆ. ಕಾಯುತ್ತಿದ್ದವರ ಸಿಟ್ಟು ಇಳಿಸಲು ನಮ್ಮ ಬೀದಿಯ ವಕೀಲರ ಮೂಗಿನ ದನಿ ತೆಗೆದೆ. ಎಲ್ಲರೂ ನಕ್ಕರು. ವಕೀಲರು ಹಿಂದೆಯೇ ನಿಂತಿದ್ದರು... ಪುಣ್ಯಕ್ಕೆ ಅವರೂ ನಕ್ಕರು.

ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೌನಿ ಅಲ್ಲಿಂದಲೇ ಎಲ್ಲ ನೋಡುತ್ತಿದ್ದನಂತೆ. ಊಟದ ಹೊತ್ತಿಗೆ ಅದನ್ನೇ ಸ್ಕಿಟ್ ಮಾಡಿಕೊಂಡು ಬಂದ. ಟಿವಿಯವರ ಕಾಮಿಡಿ ಶೋಗೆ ಆಡಿಷನ್ ಇದೆಯಂತೆ, ಜೋಡಿಯಾಗಿ ಬರಬೇಕಂತೆ. "ನೀನು ಮಾತಾಡು. ನಾನು ನಿಂತಿರ್ತೀನಿ" ಎಂದ.

ಮೂರನೇ ಕ್ಲಾಸಿನಿಂದ ನಮ್ಮದು ಇದೇ ಒಪ್ಪಂದ. ಶಾಲೆಯ ನಾಟಕದಲ್ಲಿ ಅವನು ರಾಜ, ನಾನು ಬಾಗಿಲು ಕಾಯುವವಳು. ರಾಜನಿಗೆ ಮಾತು ಮರೆತುಹೋಯಿತು. ಕಣ್ಣಲ್ಲಿ ನೀರು. ಮಹಾರಾಜರಿಗೆ ಗಂಟಲು ಕೆಟ್ಟಿದೆ ಎಂದು ಘೋಷಿಸಿ ಎರಡೂ ಪಾತ್ರ ನಾನೇ ಮುಗಿಸಿದೆ. ಅವತ್ತಿನಿಂದ ಅವನು ಮೌನಿ, ನಾನು ರೇಡಿಯೋ. ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ.

ಮಾರ್ಚ್ 21

ಸೆಲೆಕ್ಟ್ ಆದೆವು. ಮಾತೆಲ್ಲ ನಾನೇ ಆಡಿದೆ. ಅವನು ಕಂಬದ ಹಾಗೆ ನಿಂತು ಹುಬ್ಬು ಮಾತ್ರ ಏರಿಸಿದ — ಮುಂದೆ ಕೂತವರು ಬಿದ್ದೂ ಬಿದ್ದೂ ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನ ಹೆಗಲಿಗೆ ಒರಗಿ ನಿದ್ದೆ ಹೋದೆ. ನಮ್ಮ ಸ್ಟಾಪ್ ಬಂದರೂ ಎಬ್ಬಿಸಲಿಲ್ಲ. ಕೊನೆಯ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದೆವು. ಯಾಕೆ ಎಬ್ಬಿಸಲಿಲ್ಲ ಎಂದು ಬೈದೆ. ಅಪರೂಪಕ್ಕೆ ರೇಡಿಯೋ ಆಫ್ ಆಗಿತ್ತು, ಆನ್ ಮಾಡೋಕೆ ಮನಸ್ಸು ಬರಲಿಲ್ಲವಂತೆ.

ಜೂನ್ 8

ಶೋ ಟಿವಿಯಲ್ಲಿ ಬರತೊಡಗಿದ ಮೇಲೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಜೆರಾಕ್ಸಿಗೆ ಬಂದವರಲ್ಲ, ಸೆಲ್ಫಿಗೆ. ಅಣ್ಣ ಮೊದಮೊದಲು ಗೊಣಗಿದ. ಈಗ ಇಸ್ತ್ರಿ ಶರ್ಟ್ ಹಾಕಿಕೊಂಡು ಎಲ್ಲ ಫೋಟೋದಲ್ಲೂ ಮೂಲೆಯಲ್ಲಿ ನಿಂತಿರುತ್ತಾನೆ. ಮೌನಿಯ ಮಾಲೀಕರು ಅವನ ಕಟೌಟ್ ಮಾಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಕಟೌಟೂ ಮಾತಾಡುವುದಿಲ್ಲ, ಇವನೂ ಮಾತಾಡುವುದಿಲ್ಲ. ಯಾರೋ ಅಜ್ಜ ಕಟೌಟಿನ ಹತ್ತಿರ ಕನ್ನಡಕದ ರೇಟ್ ಕೇಳಿದರಂತೆ.

ಜೂನ್ 30

ಚಾನೆಲ್‌ನಲ್ಲಿ ಕಥೆ ಕಟ್ಟುವ ಯಜಮಾನಿ ಇದ್ದಾಳೆ, ಎಲ್ಲರೂ ಕ್ರಿಯೇಟಿವ್ ಅಕ್ಕ ಎನ್ನುತ್ತಾರೆ. ಇವತ್ತು ಇಬ್ಬರನ್ನೂ ಕೂರಿಸಿಕೊಂಡಳು. ಜನರಿಗೆ ನಮ್ಮನ್ನು ಫ್ರೆಂಡ್ಸ್ ಅಂತ ನೋಡಿ ಸಾಕಾಗಿದೆಯಂತೆ. ಇನ್ನು ಮೇಲೆ ಸ್ಕಿಟ್‌ನಲ್ಲಿ ಸ್ವಲ್ಪ ಲವ್ ಇರಲಿ. ಮೌನಿ ಬರೆದದ್ದನ್ನು ಅವಳ ಕಡೆಯವರು ತಿದ್ದುತ್ತಾರಂತೆ.

ಅವನ ಮುಖ ಗಂಟಾಯಿತು. ನನಗೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ನನ್ನ ಕೈ ಹಿಡಿಯುವ ಸೀನ್ ಇದೆ ಎಂದು ಅಕ್ಕ ಹೇಳಿದಾಗ ಮೇಜಿನ ಕೆಳಗೆ ಅಂಗೈ ಒರೆಸಿಕೊಂಡೆ. ಇಷ್ಟು ವರ್ಷ ಜುಟ್ಟು ಎಳೆದಾಡಿಕೊಂಡವನ ಕೈ, ಇದೇನು ಹೊಸದಾ... ಹೊಸದೇ.

ಆಗಸ್ಟ್ 2, ಸಂಜೆ

ಟೆರೇಸ್ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಮೌನಿ ಬಂದ. ಎರಡು ಚಾದರ ಮಡಿಸುವವರೆಗೆ ತುದಿ ಹಿಡಿದು ನಿಂತ. ಆಮೇಲೆ ಹೇಳಿದ — ಸೆಮಿಫೈನಲ್‌ನಲ್ಲಿ ಉಂಗುರ ಹಿಡಿದು ಪ್ರಪೋಸ್ ಮಾಡಬೇಕಂತೆ. ನನಗೆ ಗೊತ್ತಾಗಬಾರದಂತೆ. ನನ್ನ ಅಳು ನಿಜವಾಗಿ ಬರಬೇಕಂತೆ.

"ನನಗೆ ಇಷ್ಟ ಇಲ್ಲ" ಎಂದ.

ಯಾವುದು ಇಷ್ಟ ಇಲ್ಲ ಎಂದು ಕೇಳಬೇಕಿತ್ತು. ಗಂಟೆಗಟ್ಟಲೆ ಮಾತಾಡುವವಳಿಗೆ ಆ ಒಂದು ಪ್ರಶ್ನೆ ಬಾಯಿಗೆ ಬರಲಿಲ್ಲ. "ನಟನೆ ತಾನೇ, ಮಾಡಿಬಿಡು. ಫೈನಲ್‌ಗೆ ಹೋಗ್ತೀವಿ" ಎಂದುಬಿಟ್ಟೆ. ಅವನು ಚಾದರ ನನ್ನ ತೋಳಿಗೆ ಹಾಕಿ ಇಳಿದು ಹೋದ.

ಆಗಸ್ಟ್ 5

ಮೊಣಕಾಲೂರಿದ. ಡಬ್ಬಿ ತೆರೆದ. ಕ್ಯಾಮೆರಾ ನನ್ನ ಮುಖಕ್ಕೇ ಬಂತು. ಹಿಂದೆ ವಯಲಿನ್. ಅವನು ಬಾಯಿ ತೆರೆದ, ಮುಚ್ಚಿದ. ಜನ ಇದೂ ಸ್ಕಿಟ್ ಎಂದುಕೊಂಡು ನಕ್ಕರು. ನಗು ಮುಗಿಯಿತು. ಆಗಲೂ ಅವನು ಹಾಗೆಯೇ ಇದ್ದ.

"ಇಲ್ಲಿ ನನ್ ಕೈಲಿ ಆಗಲ್ಲ" ಎಂದ. ಡಬ್ಬಿ ನೆಲದ ಮೇಲಿಟ್ಟು ಎದ್ದು ನಡೆದುಬಿಟ್ಟ.

ಲೈಟಿನ ಕೆಳಗೆ ನಾನೊಬ್ಬಳೇ. ಬಾಯಿ ತಾನಾಗಿ ಶುರುವಾಯಿತು. "ಮಹಾರಾಜರಿಗೆ ಗಂಟಲು ಕೆಟ್ಟಿದೆ..." ಜಡ್ಜ್ ದನಿ, ಕ್ರಿಯೇಟಿವ್ ಅಕ್ಕನ ದನಿ, ವಕೀಲರ ದನಿ, ಎಲ್ಲ ತೆಗೆದೆ. ಚಪ್ಪಾಳೆಯೋ ಚಪ್ಪಾಳೆ. ಅಳು ಮೇಕಪ್ ರೂಮಿನಲ್ಲಿ ಬಂತು. ಅಲ್ಲಿ ಕ್ಯಾಮೆರಾ ಇರಲಿಲ್ಲ.

ಆಗಸ್ಟ್ 20

ಟೆಲಿಕಾಸ್ಟ್ ಆಯಿತು. ನನ್ನ ಜೋಕುಗಳನ್ನೆಲ್ಲ ಕತ್ತರಿಸಿದ್ದಾರೆ. ಬರೀ ಅವನ ಬೆನ್ನು, ನನ್ನ ಮುಖ, ದುಃಖದ ಸಂಗೀತ. ಗುರುತು ಪರಿಚಯ ಇಲ್ಲದವರು ಅವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಕಟೌಟಿನ ಮುಖಕ್ಕೆ ಯಾರೋ ಮಸಿ ಬಳಿದರು. ಅಣ್ಣ ಬಕೆಟ್ ತೆಗೆದುಕೊಂಡು ಹೋಗಿ ತೊಳೆದು ಬಂದ.

ಸೆಪ್ಟೆಂಬರ್ 9

ಮೌನಿ ಬೇರೆ ಊರಿನ ಲೆನ್ಸ್ ಫ್ಯಾಕ್ಟರಿಗೆ ಸೇರಿದ್ದಾನೆ. ಅವನ ಅಮ್ಮ ಹೇಳಿ ಗೊತ್ತಾಯಿತು. ನನಗೆ ಅದೇ ಶೋ ನಿರೂಪಣೆ ಮಾಡಲು ಕರೆ ಬಂದಿದೆ. ಒಪ್ಪಿಕೊಂಡೆ. ಎದುರಿನ ಅಂಗಡಿ ನೋಡುತ್ತ ಕೂರುವುದಕ್ಕಿಂತ ವಾಸಿ.

ಏಪ್ರಿಲ್ 14

ಎಷ್ಟೋ ತಿಂಗಳಾಯಿತು ಬರೆದು. ಮೇಕಪ್, ಶೂಟಿಂಗ್, ಕಾರು, ಮತ್ತೆ ಮೇಕಪ್. ದಿನಕ್ಕೊಂದು ದನಿ. ನನ್ನದು ಯಾವುದು ಎಂದೇ ಮರೆತುಹೋಗಿತ್ತು. ಹೊಸ ಸೀಸನ್‌ಗೆ ಹೊಸ ಹುಡುಗಿ ಬಂದಿದ್ದಾಳೆ, ಚುರುಕಾಗಿದ್ದಾಳೆ. ನನಗೆ ಹೂಗುಚ್ಛ ಕೊಟ್ಟು ಕಳಿಸಿದರು.

ಮತ್ತೆ ಅಂಗಡಿ. ಒಬ್ಬ ಹೆಂಗಸು ನನ್ನನ್ನೇ ನೋಡಿ, ಎಲ್ಲೋ ನೋಡಿದ ಹಾಗಿದೆ ಎಂದರು. ಇಲ್ಲೇ ನೋಡಿರ್ತೀರ ಎಂದೆ. ಬೇಸರವಾಗಲಿಲ್ಲ, ಆಶ್ಚರ್ಯ.

ಬೇಸರವಾದದ್ದು ಊಟದ ಹೊತ್ತಿಗೆ. ಅದೇ ಬಿಸಿಲು, ಅದೇ ಸ್ಟೂಲು. ಆಗೆಲ್ಲ ಮೌನಿ ಅದರ ಮೇಲೆ ಕೂತು, ಜೆರಾಕ್ಸ್ ಕೆಟ್ಟು ಬಂದ ಹಾಳೆಗಳ ಹಿಂಬದಿಯಲ್ಲಿ ಸ್ಕಿಟ್ ಬರೆಯುತ್ತಿದ್ದ. ನಾನು ಓದುವಾಗ ಹಾಳೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ನಗು ಬರುವ ಜಾಗಕ್ಕೆ ಕಾಯುತ್ತಿದ್ದಾನೆ ಎಂದುಕೊಂಡಿದ್ದೆ. ಎಂಥ ಮಂಕು ನಾನು.

ಮೇ 6

ಮೌನಿ ಬಂದಿದ್ದಾನೆ. ಅವನ ಅಮ್ಮನ ಕಣ್ಣಿನ ಪೊರೆ ಆಪರೇಷನ್. ನೋಡಲು ಹೋದೆ. ಅವರು ಕಪ್ಪು ಕನ್ನಡಕದಲ್ಲೇ ನನ್ನ ಕೆನ್ನೆ ಮುಟ್ಟಿ, ಇಳಿದುಹೋಗಿದ್ದೀಯ ಎಂದು ಬೈದು, ಟೀ ಮಾಡಿಕೊಡು ಎಂದು ಮಗನನ್ನು ಅಡುಗೆಮನೆಗೆ ಅಟ್ಟಿದರು. ನಾನೂ ಹಿಂದೆ ಹೋದೆ.

ಅವನು ಲೋಟ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ಕೇಳಿಯೇಬಿಟ್ಟೆ.

"ಅವತ್ತು ಟೆರೇಸ್ ಮೇಲೆ ಇಷ್ಟ ಇಲ್ಲ ಅಂದ್ಯಲ್ಲ. ನಾನು ಇಷ್ಟ ಇಲ್ವಾ?"

ಅವನು ನಲ್ಲಿ ನಿಲ್ಲಿಸಿದ. "ಸ್ಟೇಜ್ ಮೇಲೆ ಹೇಳೋದು ಇಷ್ಟ ಇರ್ಲಿಲ್ಲ. ಅದು ಅವರು ಬರ್ಕೊಟ್ಟ ಡೈಲಾಗು. ಅದನ್ನ ಹೇಳಿದ್ಮೇಲೆ ನನ್ನದು ಅಂತ ನಿನಗೆ ಹೇಳೋಕೆ ಏನು ಉಳೀತಿತ್ತು?" ಲೋಟ ಒರೆಸುತ್ತ, "ನೀನು ನಟನೆ ತಾನೇ ಅಂದೆ. ನಿನಗೆ ಅಷ್ಟೇ ಅಂದ್ಕೊಂಡೆ" ಎಂದ.

ಅವನಿಂದ ಒಟ್ಟಿಗೆ ಇಷ್ಟು ಮಾತು ಕೇಳಿದ್ದು ಇದೇ ಮೊದಲು. ಯಾರ ದನಿಯೂ ತೆಗೆಯದೆ ಹೇಳಿದೆ: "ನನಗೆ ನೀನು ಬೇಕು ಕಣೋ."

ಲೋಟ ಕೈಜಾರಿ ಸಿಂಕಿಗೆ ಬಿತ್ತು. ಏನು ಒಡೆದಿದ್ದು ಎಂದು ಒಳಗಿನಿಂದ ಅಮ್ಮ ಕೂಗಿದರು. ಸ್ಟೀಲ್ ಲೋಟ ಅಮ್ಮ ಎಂದ. ನನ್ನ ಕಡೆ ತಿರುಗಿ, ಕಿವಿ ಕೆಂಪು ಮಾಡಿಕೊಂಡು ಹೇಳಿದ — "ಸ್ವಲ್ಪ ಟೈಮ್ ಕೊಡೇ. ನಾನೂ ಸರಿಯಾಗಿ ಹೇಳ್ತೀನಿ."

ಮೇ 18

ಅವನು ಹಳೆಯ ಕೆಲಸಕ್ಕೇ ವಾಪಸು ಬರುತ್ತಾನಂತೆ. ಸರಿಯಾಗಿ ಹೇಳ್ತೀನಿ ಎಂದದ್ದನ್ನು ಇನ್ನೂ ಹೇಳಿಲ್ಲ. ದಿನಾ ಫೋನ್ ಮಾಡುತ್ತಾನೆ. ಇವತ್ತು ಹೇಳಿದ್ದು — ಫ್ಯಾಕ್ಟರಿಯ ಮಾರಾಟ ಮಳಿಗೆಯಲ್ಲಿ ಒಬ್ಬ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಮೊದಲು ಗಂಡನ ಮುಖ ನೋಡಿ, ನಿಮಗೆ ಇಷ್ಟು ವಯಸ್ಸಾಗಿದೆಯಾ ಎಂದರಂತೆ. ನಗುತ್ತಲೇ ಇದ್ದೆ. ಅಣ್ಣ ಲೆಕ್ಕ ತಪ್ಪಿಸಿಕೊಂಡು ಬೈದ.

ಜುಲೈ 1, ಭಾನುವಾರ

ಅಂಗಡಿಗೆ ರಜೆ. ಷಟರ್ ಅರ್ಧ ಎಳೆದಿತ್ತು, ವಾಪಸು ಬಂದ ಮೌನಿಯೂ ನಾನೂ ಒಳಗೆ ಮಿಷನ್ ಒರೆಸುತ್ತಿದ್ದೆವು. ಕ್ರಿಯೇಟಿವ್ ಅಕ್ಕನ ಫೋನ್. ಸ್ಪೀಕರ್‌ಗೆ ಹಾಕಿದೆ. ಹಳೆಯ ಜೋಡಿಗಳ ಸ್ಪೆಷಲ್ ಎಪಿಸೋಡ್ ಇದೆಯಂತೆ. ಆ ಪ್ರಪೋಸಲ್ ಅಲ್ಲೇ ಪೂರ್ತಿ ಮಾಡಿದರೆ ಜನ ಟಿವಿ ಮುಂದಿನಿಂದ ಏಳುವುದಿಲ್ಲವಂತೆ.

ಮೌನಿಯ ಮುಖ ನೋಡಿದೆ. ನಿನ್ನಿಷ್ಟ ಎನ್ನುವಂತೆ ಭುಜ ಕುಣಿಸಿದ. ನಿಜ ಹೇಳುತ್ತೇನೆ, ಒಂದು ಕ್ಷಣ ಆ ಲೈಟು, ಆ ಚಪ್ಪಾಳೆ ಎಲ್ಲ ಕಣ್ಮುಂದೆ ಬಂತು. ಬಂದು ಹೋಯಿತು.

"ನಮ್ಮ ನಡುವೆ ಈಗ ಏನೂ ಇಲ್ಲ ಅಕ್ಕ" ಎಂದೆ, ನನ್ನಲ್ಲಿರುವ ಅತ್ಯಂತ ದುಃಖದ ದನಿಯಲ್ಲಿ.

ಪಾಪ ಎಂದಳು. ನಿಜವಾಗಿಯೂ ಮರುಗಿದಳು. ಮೌನಿ ಒರೆಸುವ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ನಗುತ್ತಿದ್ದ, ಮೂಗಿನ ತುಂಬ ಕಪ್ಪು ಪುಡಿ.

ಫೋನ್ ಇಟ್ಟೆ. ನಗು ನಿಲ್ಲಿಸಿದ. ಮೂಗೂ ಒರೆಸಿಕೊಳ್ಳದೆ, ನನ್ನನ್ನೇ ನೋಡುತ್ತ, ಒಂದು ಸಲವೂ ತಡವರಿಸದೆ ಹೇಳಿದ.

ಏನು ಹೇಳಿದ ಎಂದು ಬರೆದಿಡಲು ಬಂದು ಕೂತಿದ್ದೇನೆ. ಅವನು ಹೇಳಿದ್ದು... ಬೇಡ, ಇಲ್ಲೂ ಬೇಡ, ಅದು ನನ್ನೊಬ್ಬಳದು.